ಖಾಲಿ ನೆಲ ಅನ್ನೋ ಸುಳ್ಳು

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಶಾಲೆ ಪುಸ್ತಕದಲ್ಲಿ ಅಮೆರಿಕದ ಚರಿತ್ರೆ ಹೇಗಿತ್ತು ನೆನಪು ಮಾಡ್ಕೊಳ್ಳಿ. 1492ರಲ್ಲಿ ಕೊಲಂಬಸ್ "ಕಂಡುಹಿಡಿದ". ಆಮೇಲೆ ಇಂಗ್ಲಿಷರು ಹೋಗಿ 13 ವಸಾಹತು ಕಟ್ಟಿದರು. ಆಮೇಲೆ ಬೋಸ್ಟನ್ನಿನಲ್ಲಿ ಚಹಾ ಸಮುದ್ರಕ್ಕೆ ಎಸೆದರು, ಯುದ್ಧ ಆಯ್ತು, ಸ್ವಾತಂತ್ರ್ಯ ಬಂತು. ಪಾಠ ಮುಗೀತು, ಪ್ರಶ್ನೆಗಳಿಗೆ ಉತ್ತರಿಸಿ. ಅಲ್ಲಿ ಮೊದಲಿಂದ ಇದ್ದ ಜನ ಏನಾದರು ಅಂತ ಯಾರೂ ಪ್ರಶ್ನೆ ಕೇಳಲಿಲ್ಲ, ಉತ್ತರಾನೂ ಬೇಕಾಗಲಿಲ್ಲ.

ಈ ಚರಿತ್ರೆಯನ್ನ ಬೇಲೆಕೇರಿ ಸಮುದ್ರದ ದಂಡೆಯಿಂದ ನೋಡಬೇಕು ಅಂತ ನಾನು ಹೇಳೋದಕ್ಕೆ ಎರಡು ಕಾರಣ ಇದೆ. ಒಂದು, ಅಮೆರಿಕಕ್ಕೆ ಹೋದ ಇಂಗ್ಲಿಷ್ ದುಡ್ಡು ಮತ್ತು ನಮ್ಮ ಕಾರವಾರಕ್ಕೆ ಬಂದ ಇಂಗ್ಲಿಷ್ ದುಡ್ಡು ಒಂದೇ ಗಲ್ಲಾಪೆಟ್ಟಿಗೆಯದು. ಎರಡನೇದು ಇನ್ನೂ ಮುಖ್ಯ. ನಮ್ಮಲ್ಲಿ ಜಾತಿ ಯಾವಾಗ ಹುಟ್ಟಿತು ಅಂತ ಕೇಳಿದ್ರೆ "ಅನಾದಿ ಕಾಲದಿಂದ ಇದೆ" ಅಂತ ಬಾಯಿ ಮುಚ್ಚಿಸ್ತಾರೆ. ಅಲ್ಲಿ ಜಾತಿಯಂಥದ್ದೇ ಒಂದು ವ್ಯವಸ್ಥೆಯನ್ನ ಕೆಲವೇ ದಶಕಗಳಲ್ಲಿ ಕಟ್ಟಿದರು, ಒಂದೊಂದು ಕಲ್ಲನ್ನೂ ಯಾವ ಇಸವಿಯಲ್ಲಿ ಇಟ್ಟರು ಅಂತ ಕಾನೂನು ಪುಸ್ತಕದಲ್ಲೇ ಬರೆದಿದೆ. ಜಾತಿ ಹೇಗೆ ತಯಾರಾಗ್ತದೆ ಅಂತ ನೋಡೋಕೆ ನಮಗೆ ಸಿಗೋ ದೊಡ್ಡ ಪುರಾವೆ ಅದು.

ಮೊದಲು, ಮೊದಲಿನವರ ವಿಷಯ.

ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಅನ್ನೋ ಜಾಗದಲ್ಲಿ, ಬತ್ತಿದ ಸರೋವರದ ದಂಡೆಯಲ್ಲಿ ಮನುಷ್ಯರ ಹೆಜ್ಜೆ ಗುರುತು ಸಿಕ್ಕಿದೆ. 21,000ದಿಂದ 23,000 ವರ್ಷ ಹಳೇದು ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಷ್ಟು ವರ್ಷದಿಂದ ಜನ ಇದ್ದ ನೆಲವನ್ನ ಒಬ್ಬ "ಕಂಡುಹಿಡಿಯೋದು" ಹೇಗೆ? ಮಿಸಿಸಿಪ್ಪಿ ನದಿ ಹತ್ತಿರ ಕಹೋಕಿಯಾ ಅಂತ ಒಂದು ಪಟ್ಟಣ ಇತ್ತು. ಸುಮಾರು 1100ರ ಹೊತ್ತಿಗೆ 10,000ಕ್ಕೂ ಹೆಚ್ಚು ಜನ ಅಲ್ಲಿದ್ದರು. ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ ಕಟ್ಟಿದ ಅಲ್ಲಿನ ದಿಬ್ಬ ಇವತ್ತಿಗೂ ಸುಮಾರು 30 ಮೀಟರ್ ಎತ್ತರ ನಿಂತಿದೆ. ಉತ್ತರದ ಕಡೆ ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕಾ ಅನ್ನೋ ಐದು ಜನಾಂಗ ಸೇರಿ ಹೌಡೆನೊಶೋನಿ ಅಂತ ಒಕ್ಕೂಟ ಕಟ್ಟಿಕೊಂಡಿದ್ದವು. ಅಲ್ಲಿ ಮುಖಂಡನನ್ನ ಆರಿಸೋದು, ಬೇಡ ಅಂದ್ರೆ ಇಳಿಸೋದು ಕುಲದ ಹಿರಿ ತಾಯಂದಿರ ಅಧಿಕಾರ. ಮೆಕ್ಕೆಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಹಾಕ್ತಿದ್ದರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬತದೆ, ಕುಂಬಳದ ಎಲೆ ನೆಲಕ್ಕೆ ಮುಚ್ಚಿಗೆ ಆಗ್ತದೆ. "ಮೂವರು ಅಕ್ಕತಂಗಿಯರು" ಅಂತ ಅದಕ್ಕೆ ಹೆಸರು.

ಇವರಿಗೂ ನಮಗೂ ಸಂಬಂಧ ಇಲ್ಲ ಅಂದ್ಕೋಬೇಡಿ ಮಾರಾಯ್ರೇ. ಅಂಕೋಲೆ ಸಂತೆಯಲ್ಲಿ ನಾವು ಬಟಾಟೆ ಅಂತೇವಲ್ಲ, ಆ ಪದ ಕೆರಿಬಿಯನ್ ದ್ವೀಪಗಳ ಟೈನೋ ಜನರದ್ದು. ಕೊಲಂಬಸ್ ಮೊದಲು ಕಂಡಿದ್ದು ಇದೇ ಟೈನೋ ಜನರನ್ನ. ಎರಡು ತಲೆಮಾರಿನೊಳಗೆ ಗುಲಾಮಗಿರಿ, ಸಿಡುಬು, ಕತ್ತಿ ಸೇರಿ ಅವರಲ್ಲಿ ಬಹುಪಾಲು ಜನ ಸತ್ತು ಹೋದರು. ಅವರ ಮಾತು ಪೋರ್ಚುಗೀಸರ ನಾಲಗೆ ಮೇಲೆ ಗೋವಾಕ್ಕೆ ಬಂದು, ಅಲ್ಲಿಂದ ನಮ್ಮ ಪಲ್ಯದ ಬೋಗುಣಿಗೆ ಬಂತು. ಕಾಜು, ಅನಾನಸು ಬ್ರೆಜಿಲಿನ ಟುಪಿ ಜನರ ಪದಗಳು. ಪಪ್ಪಾಯಿ, ಪೇರಳೆ, ಶೇಂಗಾ, ಟೊಮೆಟೊ ಎಲ್ಲವೂ ಆ ಮೂಲನಿವಾಸಿಗಳು ಸಾವಿರಾರು ವರ್ಷ ಆರಿಸಿ ಬೆಳೆಸಿದ್ದು. ಹಸಿಮೆಣಸು, ಒಣಮೆಣಸೂ ಅಷ್ಟೇ. ಕೊಲಂಬಸ್ ನಮ್ಮ ಕರಿಮೆಣಸು ಹುಡುಕಿ ಹೊರಟವನು. ಅವನಿಗೆ ಸಿಕ್ಕಿದ್ದು ಆ ಕೆಂಪು ಕಾಯಿ. ಇವತ್ತು ನಮ್ಮ ಮೀನು ಸಾರಿಗೆ ಬಣ್ಣ ಕೊಡೋದು ಅದೇ. ಅವರ ಅಡುಗೆ ನಮ್ಮ ಮನೆಯಲ್ಲಿದೆ, ಅವರ ಹೆಸರು ನಮ್ಮ ಪುಸ್ತಕದಲ್ಲಿಲ್ಲ. ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ದುಡಿದವರ ಬೆವರು ಮನೆಯೊಳಗೆ, ದುಡಿದವರು ಹೊರಗೆ.

ಈಗ ದುಡ್ಡಿನ ಕತೆ.

ಇಂಗ್ಲಿಷರು ಎರಡೂ ಕಡೆ ಹೋಗಿದ್ದು ಕಂಪನಿ ಮಾಡ್ಕೊಂಡು. 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದಾಗ ಅದರ ಮೊದಲ ಗವರ್ನರ್ ಥಾಮಸ್ ಸ್ಮಿತ್ ಅನ್ನೋ ಲಂಡನ್ ವ್ಯಾಪಾರಿ. 1606ರಲ್ಲಿ ರಾಜನಿಂದ ಸನ್ನದು ಪಡೆದ ವರ್ಜೀನಿಯಾ ಕಂಪನಿಯ ಯಜಮಾನಿಕೆ ವಹಿಸಿದ್ದೂ ಇದೇ ಆಸಾಮಿ. ಅಂದ್ರೆ ಪೂರ್ವಕ್ಕೊಂದು ಹಡಗು, ಪಶ್ಚಿಮಕ್ಕೊಂದು ಹಡಗು, ಲೆಕ್ಕಪುಸ್ತಕ ಒಂದೇ ಮೇಜಿನ ಮೇಲೆ.

1607ರಲ್ಲಿ ವರ್ಜೀನಿಯಾ ಕಂಪನಿಯವರು ಜೇಮ್ಸ್‌ಟೌನ್ ಅಂತ ಕೋಟೆ ಕಟ್ಟಿದರು. ಅದು ಯಾರ ನೆಲ? ತ್ಸೆನಕೊಮಕ ಅಂತ ಆ ನಾಡಿಗೆ ಹೆಸರಿತ್ತು. ಸುಮಾರು 30 ಬುಡಕಟ್ಟುಗಳ ಮೇಲೆ ವಹುನ್ಸೆನಕಾ ಅನ್ನೋ ಮುಖಂಡ ಇದ್ದ. ಇಂಗ್ಲಿಷರು ಅವನನ್ನ ಪೊವ್ಹಾಟನ್ ಅಂತ ಕರೆದರು. ಬಂದವರಿಗೆ ಉಳೋಕೆ ಬರ್ತಿರಲಿಲ್ಲ. ಮೂಲನಿವಾಸಿಗಳ ಜೋಳ ತಿಂದು ಬದುಕಿದರು, ಕೊಡದಿದ್ದಾಗ ಕಿತ್ಕೊಂಡರು. 1609-10ರ ಚಳಿಗಾಲದಲ್ಲಿ ಸಂಬಂಧ ಕೆಟ್ಟು ಜೋಳ ನಿಂತಾಗ ಕೋಟೆಯೊಳಗಿನ ಬಹುಪಾಲು ಜನ ಹಸಿವಿನಿಂದ, ಕಾಯಿಲೆಯಿಂದ ಸತ್ತರು. ಆಮೇಲೆ ತಂಬಾಕು ಬೆಳೆಯೋದು ಕಲಿತರು. ಅದೂ ಮೂಲನಿವಾಸಿಗಳ ಬೆಳೆಯೇ. ತಂಬಾಕಿಗೆ ದುಡ್ಡು ಬಂತು. ದುಡ್ಡು ಬಂದಮೇಲೆ ನೆಲ ಬೇಕಾಯ್ತು, ಉಳೋಕೆ ಆಳು ಬೇಕಾಯ್ತು.

1619ರ ಜುಲೈಯಲ್ಲಿ ಜೇಮ್ಸ್‌ಟೌನ್‌ನಲ್ಲಿ ವಸಾಹತಿನ ಮೊದಲ ಶಾಸನಸಭೆ ಕೂತಿತು. ಅಮೆರಿಕದವರು ಅದನ್ನ ಪ್ರಜಾಪ್ರಭುತ್ವದ ಹುಟ್ಟು ಅಂತ ಹೆಮ್ಮೆಯಿಂದ ಹೇಳ್ತಾರೆ. ಮುಂದಿನ ತಿಂಗಳೇ, ಆಗಸ್ಟ್‌ನಲ್ಲಿ, ಅದೇ ವಸಾಹತಿಗೆ 20ಕ್ಕೂ ಹೆಚ್ಚು ಆಫ್ರಿಕನ್ನರನ್ನ ತಂದು ಮಾರಿದರು. ಅವರನ್ನ ಅಂಗೋಲಾದಿಂದ ಹೊರಟ ಪೋರ್ಚುಗೀಸ್ ಗುಲಾಮ ಹಡಗಿನಿಂದ ಇಂಗ್ಲಿಷ್ ಕಡಲುಗಳ್ಳರು ದೋಚಿಕೊಂಡಿದ್ದರು.

ಪೋರ್ಚುಗೀಸ್ ಗುಲಾಮ ಹಡಗು ಅನ್ನೋ ಮಾತು ಬಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಕಿವಿ ನೆಟ್ಟಗಾಗಬೇಕು. ಆ ವ್ಯಾಪಾರದ ಒಂದು ದಾರಿ ಅಟ್ಲಾಂಟಿಕ್ ದಾಟಿದ್ದರೆ, ಇನ್ನೊಂದು ದಾರಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವಾಕ್ಕೆ ಬರ್ತಿತ್ತು. ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಘಟ್ಟದ ಕಡೆ ಇರೋ ಸಿದ್ದಿ ಬಂಧುಗಳ ಪೂರ್ವಿಕರಲ್ಲಿ ಎಷ್ಟೋ ಜನ ಹಾಗೆ ಗೋವಾಕ್ಕೆ ಬಂದವರು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. ವರ್ಜೀನಿಯಾ ಗಡಿಯಲ್ಲೂ ಹೀಗೇ ಆಯ್ತು. ಅಲ್ಲಿ ಡಿಸ್ಮಲ್ ಸ್ವಾಂಪ್ ಅಂತ ದೊಡ್ಡ ಕೆಸರುಕಾಡು. ತೋಟಗಳಿಂದ ಓಡಿಹೋದ ಗುಲಾಮರು ತಲೆಮಾರುಗಟ್ಟಲೆ ಅದರೊಳಗೆ ಊರು ಮಾಡ್ಕೊಂಡು ಬದುಕಿದರು. ಎರಡು ಖಂಡ, ಎರಡು ಕಾಡು, ತಪ್ಪಿಸಿಕೊಂಡ ಕಾಲು ಮಾತ್ರ ಒಂದೇ ಆಫ್ರಿಕಾದ್ದು. ಸಿದ್ದಿಗಳಿಗೆ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಷ್ಟು ಶತಮಾನ ಆದಮೇಲೆ.

ಈಗ "ಖಾಲಿ ನೆಲ" ಅನ್ನೋ ಮಾತಿಗೆ ಬರ್ತೀನಿ.

1620ರಲ್ಲಿ ಮೇಫ್ಲವರ್ ಹಡಗಿನಲ್ಲಿ 102 ಜನ ಹೊರಟು ಮ್ಯಾಸಚೂಸೆಟ್ಸ್ ಕರಾವಳಿಗೆ ಬಂದರು. ಇಳಿದ ಹೊಸದರಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಒಂದು, ಮೂಲನಿವಾಸಿಗಳು ಹಗೇವಿನಲ್ಲಿ ಹೂತಿಟ್ಟ ಜೋಳ ಅಗೆದು ತೆಗೆದಿದ್ದು. ಬೀಜ ಸಿಕ್ಕಿದ್ದು ದೇವರ ಕೃಪೆ ಅಂದ್ಕೊಂಡರು! ಆಮೇಲೆ ಪ್ಲಿಮತ್ ಅಂತ ಊರು ಕಟ್ಟಿದ ಜಾಗ ಇತ್ತಲ್ಲ, ಅದು ಪಟುಕ್ಸೆಟ್ ಅನ್ನೋ ಹಳ್ಳಿ. ಹೊಲ ಹದವಾಗಿತ್ತು, ಜನ ಇರಲಿಲ್ಲ. ಯಾಕೆ ಇರಲಿಲ್ಲ? ಯುರೋಪಿನ ಹಡಗುಗಳಿಂದ ಬಂದ ಕಾಯಿಲೆ 1616ರಿಂದ 1619ರ ನಡುವೆ ಆ ಕರಾವಳಿಯನ್ನ ಗುಡಿಸಿ ಹಾಕಿತ್ತು. ಆ ಹಳ್ಳಿಯ ಟಿಸ್ಕ್ವಾಂಟಮ್ ಅನ್ನೋನನ್ನ 1614ರಲ್ಲೇ ಒಬ್ಬ ಇಂಗ್ಲಿಷ್ ಕಪ್ತಾನ ಮೋಸದಿಂದ ಹಿಡಿದು ಸ್ಪೇನಿನಲ್ಲಿ ಮಾರಿದ್ದ. ಅವನು ಹೇಗೋ ಲಂಡನ್ ಸೇರಿ, 1619ರಲ್ಲಿ ಊರಿಗೆ ವಾಪಸ್ ಬಂದು ನೋಡ್ತಾನೆ, ಊರಲ್ಲಿ ಒಬ್ಬರೂ ಇಲ್ಲ. ಅವನನ್ನ ಗುಲಾಮನಾಗಿ ಮಾರಿದ್ದರಿಂದಲೇ ಅವನೊಬ್ಬ ಉಳಿದಿದ್ದ. ಮುಂದೆ ಬಂದವರಿಗೆ ಜೋಳದ ಬುಡಕ್ಕೆ ಮೀನಿನ ಗೊಬ್ಬರ ಹಾಕೋದು ಕಲಿಸಿಕೊಟ್ಟವನು ಅವನೇ. ನಾವು ತೆಂಗಿನ ಬುಡಕ್ಕೆ ಹಾಕ್ತೇವಲ್ಲ, ಹಾಗೆ. ಅವನಿಂದ ಕಲಿತವರ ಮಕ್ಕಳು ಶಾಲೆಯಲ್ಲಿ "ನಮ್ಮ ಹಿರಿಯರು ಕಾಡು ಕಡಿದು ನಾಡು ಕಟ್ಟಿದರು" ಅಂತ ಓದ್ತಾರೆ.

1630ರಲ್ಲಿ ದೊಡ್ಡ ತಂಡ ಬಂತು, ಬೋಸ್ಟನ್ ಕಟ್ಟಿತು. ಅವರ ಗವರ್ನರ್ ಜಾನ್ ವಿಂತ್ರಾಪ್ ವಕೀಲಿ ಕಲಿತವನು. ಅವನು ಒಂದು ವಾದ ಮಂಡಿಸಿದ. ಈ ಜನ ನೆಲಕ್ಕೆ ಬೇಲಿ ಹಾಕಿಲ್ಲ, ದನ ಕಟ್ಟಿ ಸಾಕಿಲ್ಲ, ಒಂದೇ ಕಡೆ ಖಾಯಂ ಮನೆ ಕಟ್ಟಿಲ್ಲ. ಹಾಗಾಗಿ ಅವರಿಗೆ ಈ ನೆಲದ ಮೇಲೆ ಪೂರ್ತಿ ಹಕ್ಕು ಇಲ್ಲ, ಅವರು ಬಳಸ್ತಿರೋದು ಬಿಟ್ಟು ಉಳಿದದ್ದನ್ನ ನಾವು ತಗೋಬಹುದು. ಇಷ್ಟೇ ವಾದ. ಇದರ ಮೇಲೆ ಒಂದು ಖಂಡದ ಲೂಟಿ ನಿಂತಿದೆ. ಗಮನಿಸಿ, ಅವನು "ಜನ ಇಲ್ಲ" ಅಂತ ಹೇಳಲಿಲ್ಲ. ಜನ ಇದ್ದಾರೆ, ಆದರೆ ನಾವು ಒಪ್ಪೋ ಥರದ ಗುರುತು ಇಲ್ಲ ಅಂದ. ಗುರುತು ಯಾವುದು ಅಂತ ತೀರ್ಮಾನ ಮಾಡೋದೂ ಅವನೇ.

ಬೇಲಿ ಇಲ್ಲದ ಹೊಲಕ್ಕೆ ಇಂಗ್ಲಿಷರ ದನ, ಹಂದಿ ನುಗ್ಗಿದವು. ಬೆಳೆ ಹಾಳಾಯ್ತು ಅಂದ್ರೆ ನೀವೂ ಬೇಲಿ ಹಾಕ್ಕೊಳ್ಳಿ ಅಂದರು. 1642ರಲ್ಲಿ ನರಗಾನ್ಸೆಟ್ ಜನರ ಮುಖಂಡ ಮಿಯಾಂಟೊನೊಮೊ ನೆರೆಯ ಬುಡಕಟ್ಟುಗಳನ್ನ ಸೇರಿಸಿ ಹೇಳಿದ: ನಮ್ಮ ಹಿರಿಯರ ಕಾಲಕ್ಕೆ ಜಿಂಕೆ, ಮೀನು ಎಲ್ಲ ಧಾರಾಳ ಇತ್ತು, ಈಗ ಇವರ ದನ ಹುಲ್ಲು ತಿಂದು ಮುಗಿಸ್ತಿವೆ, ಹಂದಿಗಳು ನಮ್ಮ ಚಿಪ್ಪಿನ ದಂಡೆ ಹಾಳು ಮಾಡ್ತಿವೆ, ನಾವು ಒಂದಾಗದಿದ್ರೆ ಉಪವಾಸ ಸಾಯ್ತೇವೆ ಅಂತ. ಅಘನಾಶಿನಿ ಅಳಿವೆಯಲ್ಲಿ ಬಳಚು ಆರಿಸಿ ಹೊಟ್ಟೆ ಹೊರೆಯೋ ನಮ್ಮ ಹೆಂಗಸರಿಗೆ ಈ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಮರುವರ್ಷವೇ ಅವನನ್ನ ಕೊಂದರು. ಕೊಂದಿದ್ದು ಇನ್ನೊಂದು ಬುಡಕಟ್ಟಿನವರು, ಒಪ್ಪಿಗೆ ಕೊಟ್ಟಿದ್ದು ಇಂಗ್ಲಿಷರು.

ಅದಕ್ಕೂ ಮೊದಲು, 1637ರ ಮೇ 26ರಂದು, ಮಿಸ್ಟಿಕ್ ಅನ್ನೋ ಕಡೆ ಪೀಕ್ವಟ್ ಜನರ ಕೋಟೆಗೆ ನಸುಕಿನಲ್ಲಿ ಬೆಂಕಿ ಇಟ್ಟರು. ನೂರಾರು ಜನ ಒಳಗೇ ಬೆಂದರು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಉಳಿದವರನ್ನ ಹಂಚಿಕೊಂಡರು, ಕೆಲವರನ್ನ ಹಡಗು ಹತ್ತಿಸಿ ದ್ವೀಪಗಳಿಗೆ ಗುಲಾಮರಾಗಿ ಕಳಿಸಿದರು. 1638ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಒಪ್ಪಂದ ಬರೆದರು. ಅದರಲ್ಲಿ ಒಂದು ಷರತ್ತು: ಇನ್ನು ಮುಂದೆ ಯಾರೂ ತಮ್ಮನ್ನ ಪೀಕ್ವಟ್ ಅಂತ ಕರ್ಕೊಳ್ಳೋ ಹಾಗಿಲ್ಲ. ಜನರನ್ನ ಕೊಂದು ಸಾಲಲಿಲ್ಲ, ಹೆಸರನ್ನೂ ಕೊಲ್ಲಬೇಕಾಯ್ತು.

ಆ 1638ನ್ನ ನೆನಪಿಟ್ಕೊಳ್ಳಿ. ಅದೇ 1638ರಲ್ಲಿ ಇಂಗ್ಲಿಷರು ನಮ್ಮ ಕಾರವಾರಕ್ಕೆ ಬಂದು ಕೋಠಿ ತೆರೆದರು, ಅಂದ್ರೆ ವ್ಯಾಪಾರದ ವಖಾರಿ. ಬಂದಿದ್ದು ಕೋರ್ಟೀನ್ ಮನೆತನದ ಕಂಪನಿ. ಘಟ್ಟದ ಮೇಲಿನ ಸೋಂದಾ ಸೀಮೆಯ ಕರಿಮೆಣಸಿನ ಹೆಸರು ಕೇಳಿ ಬಂದವರು. ಈ ಮನೆತನದ ಹಿರಿಯ ವಿಲಿಯಂ ಕೋರ್ಟೀನ್ ಯಾರು ಗೊತ್ತಾ? 1627ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷ್ ವಸಾಹತು ಕಟ್ಟೋಕೆ ದುಡ್ಡು ಹಾಕಿದವನು. ಆ ಮೊದಲ ಹಡಗಿನಲ್ಲಿ ಸುಮಾರು 80 ವಲಸಿಗರು, ಜೊತೆಗೆ ದಾರಿಯಲ್ಲಿ ಹಿಡಿದ ಸುಮಾರು 10 ಜನ ಆಫ್ರಿಕನ್ನರು ಇದ್ದರು. ಅದೇ ಬಾರ್ಬಡೋಸ್ 1661ರಲ್ಲಿ ಗುಲಾಮರ ಸಂಹಿತೆ ಬರೆಯಿತು. 1670ರಿಂದ ಅಲ್ಲಿನ ತೋಟದ ಯಜಮಾನರು ಕೆರೊಲಿನಾಕ್ಕೆ ಹೋಗಿ ನೆಲೆ ನಿಂತಾಗ ಅದನ್ನೂ ಹೊತ್ಕೊಂಡು ಹೋದರು.

ಒಂದೇ ಮನೆತನದ ದುಡ್ಡು ಬಾರ್ಬಡೋಸಿನಲ್ಲಿ ಯಜಮಾನ ಆಯ್ತು, ಕಾರವಾರದಲ್ಲಿ ಕೈಮುಗಿದು ನಿಂತಿತು. ಯಾಕೆ? ಇಲ್ಲಿ ಆಗ ಬಿಜಾಪುರದ ಆದಿಲ್‌ಶಾಹಿ ಆಡಳಿತ, ಕುದುರೆ ಸೈನ್ಯ, ತೋಪು ಎಲ್ಲ ಇತ್ತು. 1665ರಲ್ಲಿ ಶಿವಾಜಿ ಕಾರವಾರಕ್ಕೆ ಬಂದು ಕಾಣಿಕೆ ಕೇಳಿದಾಗ ಇಂಗ್ಲಿಷರು ತಮ್ಮ ಪಾಲಿನ 112 ಪೌಂಡ್ ಎಣಿಸಿ ಕೊಟ್ಟರು. 1684ರಲ್ಲಿ ಅವರ ಒಂದು ಸಣ್ಣ ಹಡಗಿನ ಆಳುಗಳು ಹಸು ಕದ್ದು ಕೊಂದರು ಅಂತ ಊರೇ ತಿರುಗಿಬಿದ್ದು, ಅವರನ್ನ ಕಾರವಾರದಿಂದ ಓಡಿಸೋದೊಂದು ಬಾಕಿ. ಅಲ್ಲಿ ಅವರ ದನ ಇಡೀ ಬುಡಕಟ್ಟಿನ ಬೆಳೆ ತಿಂದರೂ ಕೇಳೋರಿಲ್ಲ, ಇಲ್ಲಿ ಒಂದು ಹಸುವಿಗೆ ಕೋಠಿಯೇ ಅಲ್ಲಾಡಿತು. ಇಂಗ್ಲಿಷರ ಗುಣ ಎರಡೂ ಕಡೆ ಒಂದೇ. ಎದುರಿಗೆ ಇದ್ದ ಬಲ ಬೇರೆ.

ನಮ್ಮ ಹೆಮ್ಮೆಯ ಚರಿತ್ರೆಕಾರರು ಇಲ್ಲಿಗೇ ನಿಲ್ಲಿಸ್ತಾರೆ. ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಕೋಠಿಗೆ ಬಂದ ಮೆಣಸು ಕೊಯ್ದವರು ಯಾರು? ಹುಬ್ಬಳ್ಳಿ ಕಡೆ ನೇಕಾರರು ನೇಯ್ದ ಬಟ್ಟೆಯ ಗಂಟು ಹಡಗಿಗೆ ಹೊತ್ತವರು ಯಾರು? ವರ್ಜೀನಿಯಾದಲ್ಲಿ ಇಂಗ್ಲಿಷರಿಗೆ ದುಡಿಯೋ ಆಳನ್ನ ಹೊರಗಿಂದ ತರಬೇಕಾಯ್ತು, ಅವನನ್ನ ಕಟ್ಟಿಹಾಕೋಕೆ ಕಾನೂನು ಹೊಸದಾಗಿ ಬರೀಬೇಕಾಯ್ತು. ಇಲ್ಲಿ ಅವರಿಗೆ ಆ ಕಷ್ಟವೇ ಬೀಳಲಿಲ್ಲ. ಹುಟ್ಟಿನಿಂದಲೇ ಕಟ್ಟಿಹಾಕಿದ ಜನ ಮೊದಲೇ ತಯಾರಿದ್ದರು. 1801ರಲ್ಲಿ ಕೆನರಾ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೊಲಗದ್ದೆಯಲ್ಲಿ ದುಡಿಯೋ ಗುಲಾಮರ ಬಗ್ಗೆ, ಅವರಿಗೆ ಅಳೆದು ಕೊಡೋ ಕಾಳಿನ ಬಗ್ಗೆ ಬರೆದಿದ್ದಾನೆ. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದಿದ್ದು 1843ರಲ್ಲಿ. ಅಷ್ಟರ ತನಕ ಮನುಷ್ಯರಿಗೆ ಬೆಲೆ ಇತ್ತು, ಮಾರೋ ಬೆಲೆ.

ಈಗ ವರ್ಜೀನಿಯಾ ಆ ಕಟ್ಟನ್ನ ಹೇಗೆ ಕಟ್ಟಿತು ನೋಡಿ.

ಎಲಿಜಬೆತ್ ಕೀ ಅಂತ ಒಬ್ಬ ಹೆಣ್ಣುಮಗಳು. ತಂದೆ ಇಂಗ್ಲಿಷನು, ತಾಯಿ ಆಫ್ರಿಕನ್. ಇಂಗ್ಲಿಷ್ ಕಾನೂನಿನ ಪ್ರಕಾರ ಮಗುವಿನ ಸ್ಥಾನ ತಂದೆಯದ್ದು, ನಾನು ಕ್ರೈಸ್ತಳೂ ಹೌದು, ನನ್ನನ್ನ ಗುಲಾಮಳಾಗಿ ಇಟ್ಕೊಳ್ಳೋ ಹಾಗಿಲ್ಲ ಅಂತ ನ್ಯಾಯಾಲಯಕ್ಕೆ ಹೋದಳು. 1656ರಲ್ಲಿ ಗೆದ್ದಳು. ಯಜಮಾನರು ಎಚ್ಚೆತ್ಕೊಂಡರು. 1662ರಲ್ಲಿ ಕಾನೂನು ಬಂತು: ಮಗು ತಾಯಿಯ ಸ್ಥಾನವನ್ನೇ ಪಡೀತದೆ. ತಾಯಿ ಗುಲಾಮಳಾದ್ರೆ ಮಗುವೂ ಗುಲಾಮ, ತಂದೆ ಯಜಮಾನನೇ ಆಗಿರಲಿ. ಅತ್ಯಾಚಾರ ಮಾಡಿದವನ ಆಸ್ತಿ ಹೆಚ್ಚಾಯ್ತು. 1667ರಲ್ಲಿ ಇನ್ನೊಂದು: ಜ್ಞಾನಸ್ನಾನ ಪಡೆದು ಕ್ರೈಸ್ತರಾದ್ರೂ ಗುಲಾಮಗಿರಿ ಹೋಗೋದಿಲ್ಲ. ಧರ್ಮ ಬದಲಾಯಿಸಿದ್ರೂ ಹುಟ್ಟು ಬಿಡೋದಿಲ್ಲ, ನಮಗೆ ಗೊತ್ತಿರೋ ಮಾತೇ. 1669ರಲ್ಲಿ: ಶಿಕ್ಷೆ ಕೊಡುವಾಗ ಗುಲಾಮ ಸತ್ತರೆ ಯಜಮಾನನ ಮೇಲೆ ಕೊಲೆ ಆರೋಪ ಇಲ್ಲ. 1691ರಲ್ಲಿ: ಬಿಳಿಯರು ಕಪ್ಪು ಜನರನ್ನಾಗಲಿ, ಮೂಲನಿವಾಸಿಗಳನ್ನಾಗಲಿ ಮದುವೆ ಆದ್ರೆ ವಸಾಹತಿನಿಂದ ಗಡಿಪಾರು. 1705ರಲ್ಲಿ ಇವೆಲ್ಲ ಸೇರಿಸಿ ಒಂದೇ ಸಂಹಿತೆ ಆಯ್ತು.

ಹುಟ್ಟು, ಧರ್ಮ, ದಂಡನೆ, ಮದುವೆ. ನಾಲ್ಕು ಬಾಗಿಲು, 30 ವರ್ಷದೊಳಗೆ ಒಂದೊಂದಾಗಿ ಬೀಗ ಹಾಕಿದರು. 1656ರಲ್ಲಿ ಒಬ್ಬ ಹೆಂಗಸು ದಾಟಿ ಹೋದ ಬಾಗಿಲು ಅವಳ ಮೊಮ್ಮಕ್ಕಳ ಕಾಲಕ್ಕೆ "ಯಾವಾಗಲೂ ಗೋಡೆಯೇ ಇತ್ತು" ಅನ್ನೋ ಹಾಗಾಯ್ತು. ಅನಾದಿ ಕಾಲ ಅನ್ನೋದು ತಯಾರಾಗೋಕೆ ಮೂರು ತಲೆಮಾರು ಸಾಕು.

ಬಾಬಾಸಾಹೇಬರು ಇದನ್ನೇ ಬೇರೆ ದಾರಿಯಿಂದ ಕಂಡವರು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಒಳಜಾತಿ ಮದುವೆಯೇ ಜಾತಿಯ ಮೂಲ ಅಂದರು, ಅದನ್ನ ಕಾಯೋಕೆ ಹೆಣ್ಣಿನ ಮೇಲೆ ಕಾವಲು ಹಾಕ್ತಾರೆ ಅಂದರು. ಆಗ ಅವರಿಗೆ 25 ವರ್ಷ. ಓದಿದ್ದು ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರ ವಿಚಾರಗೋಷ್ಠಿಯಲ್ಲಿ. ಆ ಗೋಲ್ಡನ್‌ವೈಸರ್ ನಾನು ಮೇಲೆ ಹೇಳಿದ ಹೌಡೆನೊಶೋನಿ ಜನರ ನಡುವೆ ಹೋಗಿ ಅಧ್ಯಯನ ಮಾಡಿದ ವಿದ್ವಾಂಸ. ಆ ನ್ಯೂಯಾರ್ಕ್ ನಿಂತಿರೋದು ಲೆನಾಪೆ ಜನರ ನೆಲದ ಮೇಲೆ. ಜ್ಯೋತಿಬಾ ಫುಲೆಯವರು ಅದಕ್ಕೂ ಮುಂಚೆ, 1873ರಲ್ಲೇ, "ಗುಲಾಮಗಿರಿ" ಪುಸ್ತಕವನ್ನ ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ಅಮೆರಿಕದ ಚರಿತ್ರೆ ನಮಗ್ಯಾಕೆ ಅನ್ನೋರಿಗೆ ನಮ್ಮ ಹಿರಿಯರೇ ಉತ್ತರ ಕೊಟ್ಟು ಹೋಗಿದ್ದಾರೆ.

1773ರ ಡಿಸೆಂಬರ್ 16ಕ್ಕೆ ಬರೋಣ. ಬೋಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರಿಗೆ ಬಿತ್ತು. ಚಹಾ ಈಸ್ಟ್ ಇಂಡಿಯಾ ಕಂಪನಿಯದ್ದು. ಎಸೆದ ಬಿಳಿಯರು ಹಾಕಿದ್ದ ವೇಷ ಮೊಹಾಕ್ ಜನರದ್ದು. ಸ್ವಾತಂತ್ರ್ಯ ಕೇಳೋಕೆ ಮೂಲನಿವಾಸಿಯ ವೇಷ ಬೇಕಾಯ್ತು. ಮೂರೇ ವರ್ಷಕ್ಕೆ, 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ, ಅದೇ ಮೂಲನಿವಾಸಿಗಳನ್ನ ಕರುಣೆ ಇಲ್ಲದ ಅನಾಗರಿಕರು ಅಂತ ಬರೆದರು.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದ್ರೆ ವಿಂತ್ರಾಪ್‌ನ ವಾದ ಸತ್ತಿಲ್ಲ. ಬೇಲಿ ಎಲ್ಲಿ ಅಂತ ಅವನು ಕೇಳಿದ. ಈಗ ಕಾಗದ ಎಲ್ಲಿ ಅಂತ ಕೇಳ್ತಾರೆ.

ವರ್ಜೀನಿಯಾದಲ್ಲಿ 1924ರಲ್ಲಿ ಜನಾಂಗ ಶುದ್ಧತೆಯ ಕಾನೂನು ಬಂತು. ಜನರನ್ನ ಬಿಳಿಯರು, ಬಿಳಿಯರಲ್ಲದವರು ಅಂತ ಎರಡೇ ಭಾಗ ಮಾಡಿತು. ಜನನ ಮರಣ ದಾಖಲೆ ಇಲಾಖೆಯ ಮುಖ್ಯಸ್ಥ ವಾಲ್ಟರ್ ಪ್ಲೆಕರ್ ಮೂಲನಿವಾಸಿಗಳ ಗುರುತನ್ನೇ ದಾಖಲೆಯಿಂದ ಅಳಿಸೋ ಕೆಲಸಕ್ಕೆ ನಿಂತ. ಆದರೆ ಪೊವ್ಹಾಟನ್ನನ ಮಗಳು ಪೊಕಹೊಂಟಸ್‌ಳ ವಂಶ ನಮ್ಮದು ಅಂತ ಹೇಳ್ಕೊಳ್ಳೋ ಶ್ರೀಮಂತ ಬಿಳಿಯರಿಗೆ ಮಾತ್ರ ಕಾನೂನಿನಲ್ಲೇ ವಿನಾಯಿತಿ ಇತ್ತು! ಮುಂದೆ ಆ ಬುಡಕಟ್ಟುಗಳು ಸರ್ಕಾರದ ಮಾನ್ಯತೆ ಕೇಳಿದಾಗ ದಾಖಲೆಯ ಕೊರತೆಯೇ ಅಡ್ಡ ಬಂತು. ದಾಖಲೆ ಅಳಿಸಿದವರೂ ಸರ್ಕಾರದವರೇ. ವರ್ಜೀನಿಯಾದ 6 ಬುಡಕಟ್ಟುಗಳಿಗೆ ಕೇಂದ್ರದ ಮಾನ್ಯತೆ ಸಿಕ್ಕಿದ್ದು 2018ರಲ್ಲಿ.

ನಮ್ಮಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರಲ್ಲಿ. ಪರಿಶಿಷ್ಟ ಪಂಗಡದವರಾದ್ರೆ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಇದ್ದದ್ದು ತೋರಿಸಬೇಕು. ಉಳಿದವರು ಮೂರು ತಲೆಮಾರು, ಅಂದ್ರೆ 75 ವರ್ಷ ತೋರಿಸಬೇಕು. ಆಗೇರ, ಮುಕ್ರಿ, ಹಳ್ಳೇರ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ, ಪಂಗಡದಲ್ಲಿ ಇಲ್ಲ. ಹಾಲಕ್ಕಿಗಳೂ ಪಂಗಡದಲ್ಲಿ ಇಲ್ಲ. ಹಾಗಾಗಿ ಇವರೆಲ್ಲರಿಗೂ 75 ವರ್ಷದ ಲೆಕ್ಕ. 2005ರಿಂದ 75 ವರ್ಷ ಹಿಂದೆ ಹೋದ್ರೆ 1930. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆದ ವರ್ಷ. ಆ ಸತ್ಯಾಗ್ರಹದ ಮುಖಂಡರ ಹೆಸರು ಜಿಲ್ಲೆಯ ಚರಿತ್ರೆಯಲ್ಲಿದೆ, ಇರಬೇಕಾದ್ದೇ. ಆದರೆ ತಲೆತಲಾಂತರದಿಂದ ಆಗರದಲ್ಲಿ ಉಪ್ಪು ತೆಗೆದು, ಆ ಕಸುಬಿನಿಂದಲೇ ಹೆಸರು ಪಡೆದ ಆಗೇರರಲ್ಲಿ ಎಷ್ಟು ಜನರ ಹೆಸರು ಎಷ್ಟು ಕಾಗದದಲ್ಲಿದೆ? ಶಾಲೆಯೊಳಗೆ ಬಿಡದ ಕಾಲ ಅದು. ಒಡೆಯರ ನೆಲದಲ್ಲಿ ದುಡಿದವರಿಗೆ ಪಹಣಿ ಎಲ್ಲಿಂದ ಬರಬೇಕು? ಬರೆಯೋಕೆ ಬಿಡದೆ ಇದ್ದವರೇ ಈಗ ಬರೆದದ್ದು ತೋರಿಸಿ ಅಂತ ಕೇಳ್ತಾರೆ. ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ತಿರಸ್ಕಾರ ಆಗಿವೆ. ಒಂದು ಕಚೇರಿಯಲ್ಲಿ ನನ್ನ ಎದುರಿಗೇ ಒಬ್ಬ ಅಜ್ಜಿಗೆ "ನೀನು ಹೇಳಿದ್ರೆ ಆಯ್ತಾ, ದಾಖಲೆ ಬೇಡವಾ" ಅಂದರು.

ಅಜ್ಜಿ ಹೇಳಿದ್ರೆ ಆಗ್ತದೆ. ಇದನ್ನ ದಯವಿಟ್ಟು ಎಲ್ಲರಿಗೂ ತಿಳಿಸಿ. ಕಾಯ್ದೆಯ ನಿಯಮ 13ರಲ್ಲಿ ಪುರಾವೆಗಳ ಪಟ್ಟಿ ಇದೆ. ಅದರಲ್ಲಿ ಅರ್ಜಿದಾರರನ್ನ ಬಿಟ್ಟು ಬೇರೆ ಹಿರಿಯರ ಹೇಳಿಕೆಯನ್ನ ಬರೆದುಕೊಂಡ್ರೆ ಅದೂ ಪುರಾವೆ. ಹಳೇ ಬಾವಿ ಪುರಾವೆ. ಸುಡುಗಾಡು, ಹೂತ ಜಾಗ ಪುರಾವೆ. ದೇವರ ಬನ, ಪೂಜೆಯ ಕಲ್ಲು ಪುರಾವೆ. ನೆಲ ಸಮ ಮಾಡಿದ್ದು, ಒಡ್ಡು ಹಾಕಿದ್ದು, ಮನೆ ಕಟ್ಟಿದ್ದು ಎಲ್ಲ ಪುರಾವೆ. ಒಂದಕ್ಕಿಂತ ಹೆಚ್ಚು ಪುರಾವೆ ಜೋಡಿಸಿ ಕೊಡಿ. ಹೋರಾಟದಿಂದ ಬಂದ ಕಾಯ್ದೆಯಲ್ಲಿ ಬಾಯಿಮಾತಿಗೆ ಜಾಗ ಇದೆ, ಕಚೇರಿಯ ಮೇಜಿನ ಹತ್ತಿರ ಬರುವಾಗ ಅದು ಮಾಯ ಆಗ್ತದೆ.

ಅದಕ್ಕೇ ನನ್ನ ಕೋರಿಕೆ. ಅಂಕೋಲಾ, ಕಾರವಾರ ತಾಲೂಕಿನ ಓದಿದ ಹುಡುಗ ಹುಡುಗಿಯರು ಈ ಮಳೆಗಾಲದೊಳಗೆ ನಿಮ್ಮ ಕೇರಿಯ 80 ದಾಟಿದ ಹಿರಿಯರ ಹತ್ತಿರ ಕೂತು ಬರ್ಕೊಳ್ಳಿ. ಯಾರ ಅಪ್ಪ ಎಲ್ಲಿ ಗುಡಿಸಲು ಹಾಕಿದ್ದ, ಯಾವ ಬಾವಿಯಿಂದ ನೀರು, ಯಾರನ್ನ ಎಲ್ಲಿ ಹೂತಿದ್ದು, ಯಾವ ಗದ್ದೆಗೆ ಏನು ಹೆಸರು. ಹೆಸರು, ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು, ಸಾಕ್ಷಿ. ಫೋನಿನಲ್ಲಿ ದನಿ ಹಿಡಿದಿಡಿ. ನಮ್ಮ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ, ಅವರ ಜೊತೆ ಒಂದೊಂದು ಪಹಣಿ ಸುಡುಗಾಡಿಗೆ ಹೋಗ್ತಿದೆ.

ಕಡೆಗೆ ಪೀಕ್ವಟ್ ಜನರ ಸುದ್ದಿ ಹೇಳ್ತೇನೆ. 1638ರ ಒಪ್ಪಂದ ಅವರ ಹೆಸರನ್ನ ಉಚ್ಚರಿಸಬಾರದು ಅಂದಿತ್ತಲ್ಲ. ಮನೆಯೊಳಗೆ ಅವರು ಅದನ್ನ ಬಿಡಲಿಲ್ಲ. ಸಣ್ಣ ಜಾಗದಲ್ಲಿ, ಎಷ್ಟೋ ಸಲ ಬೆರಳೆಣಿಕೆ ಜನ ಉಳಿದರೂ ಗಟ್ಟಿಯಾಗಿ ಕೂತರು. 1983ರಲ್ಲಿ ಅಮೆರಿಕ ಸರ್ಕಾರ ಮಶಾಂಟಕೆಟ್ ಪೀಕ್ವಟ್ ಅನ್ನೋ ಹೆಸರಿನಲ್ಲೇ ಅವರನ್ನ ಒಪ್ಪಬೇಕಾಯ್ತು. 345 ವರ್ಷ ಹಿಡಿಯಿತು.

ನಮ್ಮ ಅರ್ಜಿಗೆ ಅಷ್ಟು ಹೊತ್ತು ಕಾಯೋಕೆ ಆಗೋದಿಲ್ಲ. ಬರ್ಕೊಳ್ಳೋಕೆ ಯಾರು ಯಾರು ತಯಾರಿದ್ದೀರಿ, ನಿಮ್ಮ ಊರಿನ ಹೆಸರು ಹಾಕಿ. ನಮೂನೆ ಕಳಿಸಿಕೊಡ್ತೇನೆ.

ಜೈ ಭೀಮ್.